ಓದುಗರ ಪ್ರಶ್ನೆ: ಬ್ಯಾಂಕ್ ದೊಡ್ಡದಾದಷ್ಟೂ ಬಂಡವಾಳ ಹೆಚ್ಚಿರಬೇಕೇ?

ಪ್ರಶ್ನೆ: ದೊಡ್ಡ ಬ್ಯಾಂಕುಗಳು ಹೆಚ್ಚುವರಿ ಬಂಡವಾಳ ಇಟ್ಟುಕೊಳ್ಳಬೇಕು ಎಂದು ಓದಿದೆ. ಹಾಗಿದ್ದರೆ ಸ್ಮಾಲ್ ಫೈನಾನ್ಸ್ ಬ್ಯಾಂಕಿಗೆ ಶೇ 15 ಏಕೆ? ದೊಡ್ಡದಕ್ಕೆ ಹೆಚ್ಚೋ, ಸಣ್ಣದಕ್ಕೆ ಹೆಚ್ಚೋ?
– ಓದುಗರು, ಶಿರಸಿ

ಉತ್ತರ: ಎರಡಕ್ಕೂ ಹೆಚ್ಚು. ಕಾರಣ ಮಾತ್ರ ಬೇರೆ ಬೇರೆ.

ಬಂಡವಾಳ ಎಂದರೆ ನಷ್ಟ ತಾಳಿಕೊಳ್ಳಲು ಇರುವ, ಮುಖ್ಯವಾಗಿ ಷೇರುದಾರರ ದುಡ್ಡು. ಸಾಮಾನ್ಯ ವಾಣಿಜ್ಯ ಬ್ಯಾಂಕಿಗೆ ಅದು ಕನಿಷ್ಠ ಶೇ 9, ಅದರ ಮೇಲೆ ಕಷ್ಟಕಾಲಕ್ಕೆಂದು ಶೇ 2.5, ಒಟ್ಟು ಶೇ 11.5. ಬಿದ್ದರೆ ಜೊತೆಗಿದ್ದವರನ್ನೂ ಎಳೆದುಕೊಂಡು ಬೀಳುವ ಬ್ಯಾಂಕುಗಳೆಂದು ಆರ್‌ಬಿಐ ಗುರುತಿಸಿರುವುದು ಎಸ್‌ಬಿಐ, ಎಚ್‌ಡಿಎಫ್‌ಸಿ ಬ್ಯಾಂಕ್ ಮತ್ತು ಐಸಿಐಸಿಐ ಬ್ಯಾಂಕ್. 2025ರ ಏಪ್ರಿಲ್ 1ರಿಂದ ಇವಕ್ಕೆ ಕ್ರಮವಾಗಿ ಶೇ 0.80, 0.40, 0.20ರಷ್ಟು ಹೆಚ್ಚುವರಿ ಹೊರೆ. ‘ಇದನ್ನು ಸರ್ಕಾರ ಮುಳುಗಲು ಬಿಡಲ್ಲ’ ಎಂಬ ನಂಬಿಕೆಯಿಂದ ದೊಡ್ಡ ಬ್ಯಾಂಕಿಗೆ ಹಣ ಅಗ್ಗವಾಗಿ ಸಿಗುತ್ತದೆ. ಅಗ್ಗದ ಹಣ ಇದ್ದಾಗ ಸಾಲ ಕೊಡುವ ಕೈ ಸಡಿಲವಾಗುತ್ತದೆ. ನಷ್ಟವಾದರೆ ಮೊದಲು ಷೇರುದಾರರ ದುಡ್ಡೇ ಕರಗಲಿ ಎಂಬುದು ಈ ಹೊರೆಯ ಉದ್ದೇಶ. ಶೇ 0.80 ಸಾಕೇ ಎಂದು ಕೇಳಿದರೆ, ನಮ್ಮ ಲೆಕ್ಕದಲ್ಲಿ ಕಡಿಮೆಯೇ.

ಸ್ಮಾಲ್ ಫೈನಾನ್ಸ್ ಬ್ಯಾಂಕಿನ ಕಷ್ಟ ಬೇರೆ. ಅದರ ಸಾಲದಲ್ಲಿ ಕನಿಷ್ಠ ಅರ್ಧ ₹25 ಲಕ್ಷದೊಳಗಿನದಾಗಿರಬೇಕು. ಬಹಳಷ್ಟಕ್ಕೆ ಅಡಮಾನವೂ ಇರುವುದಿಲ್ಲ. ಸಾಲಗಾರರು ಒಂದೇ ಸೀಮೆಯವರಾದರೆ, ಒಂದು ಬರಗಾಲಕ್ಕೆ ಎಲ್ಲರ ಕಂತೂ ಒಟ್ಟಿಗೇ ನಿಲ್ಲುತ್ತದೆ. ಅದಕ್ಕೇ ಶೇ 15.

ಈ ಶೇಕಡಾವಾರು ಕೊಟ್ಟ ಸಾಲದ ಮೇಲೆ ನೇರವಾಗಿ ಬೀಳುವುದಲ್ಲ, ‘ರಿಸ್ಕ್ ವೇಟ್’ (ಸಾಲದ ಅಪಾಯಕ್ಕೆ ತಕ್ಕಂತೆ ಕೊಡುವ ಶೇಕಡಾವಾರು ತೂಕ) ಹಾಕಿದ ಮೇಲೆ ಬೀಳುವುದು. ಒಂದು ಬ್ಯಾಂಕ್ ₹100 ಕೋಟಿಯಲ್ಲಿ ₹40 ಕೋಟಿ ಸಣ್ಣ ಗೃಹಸಾಲ (ಶೇ 35), ₹30 ಕೋಟಿ ವೈಯಕ್ತಿಕ ಸಾಲ (ಶೇ 125), ₹30 ಕೋಟಿ ಸರ್ಕಾರಿ ಬಾಂಡ್ (ಸೊನ್ನೆ) ಇಟ್ಟಿದೆ ಎನ್ನಿ. 14 + 37.5 + 0 = ₹51.5 ಕೋಟಿ. ಅದರ ಶೇ 11.5 ಎಂದರೆ ಸುಮಾರು ₹5.92 ಕೋಟಿ ಬಂಡವಾಳ ಸಾಕು. ಆ ₹100 ಕೋಟಿಯನ್ನೂ ವೈಯಕ್ತಿಕ ಸಾಲವಾಗಿ ಹಂಚಿದರೆ ₹14.38 ಕೋಟಿ ಬೇಕು. ತೂಕ ತಗ್ಗಿಸಿ ತೋರಿಸುವ ಆಸೆ ಹುಟ್ಟುವುದು ಇಲ್ಲೇ. ಅದಕ್ಕೆ ಲಗಾಮಾಗಿ, ತೂಕದ ಗೊಡವೆಯೇ ಇಲ್ಲದ ಇನ್ನೊಂದು ಅಳತೆ ಇದೆ: ಲೀವರೇಜ್ ರೇಷಿಯೊ, ಅಂದರೆ ತೂಕ ಹಾಕದ ಒಟ್ಟು ಮೊತ್ತಕ್ಕೆ ಬಂಡವಾಳದ ಪ್ರಮಾಣ. ಆ ಮೂರು ಬ್ಯಾಂಕುಗಳಿಗೆ ಶೇ 4, ಉಳಿದವಕ್ಕೆ ಶೇ 3.5.

ಪ್ರಶ್ನೆ: ನಮ್ಮ ಪಟ್ಟಣ ಸಹಕಾರ ಬ್ಯಾಂಕಿನ ಮಹಾಸಭೆಯಲ್ಲಿ ಸಿಆರ್‌ಎಆರ್ (ರಿಸ್ಕ್ ವೇಟ್ ಹಾಕಿದ ಮೊತ್ತಕ್ಕೆ ಬಂಡವಾಳದ ಪ್ರಮಾಣ) ಶೇ 14 ಎಂದರು. ಇಷ್ಟು ನೋಡಿ ಠೇವಣಿ ಇಡಬಹುದೇ?
– ಓದುಗರು, ದಾವಣಗೆರೆ

ಉತ್ತರ: ಇಷ್ಟೇ ನೋಡಿ ಬೇಡ. ಆರ್‌ಬಿಐನ 2022ರ ಚೌಕಟ್ಟಿನ ಪ್ರಕಾರ ₹100 ಕೋಟಿವರೆಗೆ ಠೇವಣಿ ಇರುವ ಸಹಕಾರ ಬ್ಯಾಂಕಿಗೆ ಶೇ 9, ಅದಕ್ಕಿಂತ ದೊಡ್ಡವಕ್ಕೆ ಶೇ 12, ಅದನ್ನು ಮುಟ್ಟಲು ಕೊಟ್ಟ ಗಡುವು 2026ರ ಮಾರ್ಚ್ 31. ಕಾಗದದ ಮೇಲೆ ನಿಮ್ಮ ಬ್ಯಾಂಕ್ ಚೆನ್ನಾಗಿದೆ. ಆದರೆ ಕೆಟ್ಟ ಸಾಲವನ್ನು ಕೆಟ್ಟದ್ದೆಂದು ಬರೆದಿದ್ದರೆ ಮಾತ್ರ ಆ 14ಕ್ಕೆ ಬೆಲೆ. 2019ರಲ್ಲಿ ಕುಸಿದ ಮುಂಬೈನ ಪಿಎಂಸಿ ಸಹಕಾರ ಬ್ಯಾಂಕ್ ಕೂಡ ಅದೇ ವರ್ಷ ಶೇ 12ಕ್ಕಿಂತ ಹೆಚ್ಚು ತೋರಿಸಿತ್ತು. ಸಾಲದ ಶೇ 70ಕ್ಕೂ ಹೆಚ್ಚು ಭಾಗ ಒಂದೇ ಬಿಲ್ಡರ್ ಗುಂಪಿನ ಕೈಯಲ್ಲಿತ್ತು. ಅದನ್ನು ಸಾವಿರಾರು ನಕಲಿ ಖಾತೆಗಳ ಹಿಂದೆ ಬಚ್ಚಿಟ್ಟಿದ್ದರು.

ವಾರ್ಷಿಕ ವರದಿಯಲ್ಲಿ ನಿವ್ವಳ ಎನ್‌ಪಿಎ (ನಷ್ಟಕ್ಕೆಂದು ತೆಗೆದಿಟ್ಟದ್ದು ಕಳೆದು ಉಳಿದ ಕೆಟ್ಟ ಸಾಲ), ಮೊದಲ 20 ಸಾಲಗಾರರ ಪಾಲು, ಲೆಕ್ಕಪರಿಶೋಧಕರ ಆಕ್ಷೇಪಣೆ, ಈ ಮೂರನ್ನೂ ಹುಡುಕಿ. ಆಕ್ಷೇಪಣೆಯ ಪುಟವನ್ನೇ ಮುದ್ರಿಸದಿದ್ದರೆ ಸಭೆಯಲ್ಲಿ ಎದ್ದು ಕೇಳಿ. ಸದಸ್ಯರಾಗಿ ಅದು ನಿಮ್ಮ ಹಕ್ಕು.

ಪ್ರಶ್ನೆ: ಠೇವಣಿಗೆ ಐದು ಲಕ್ಷದ ವಿಮೆ ಎಲ್ಲ ಕಡೆ ಇದೆಯೇ?
– ಓದುಗರು, ಹಾಸನ

ಉತ್ತರ: ಠೇವಣಿ ವಿಮೆ ಕೊಡುವ ಆರ್‌ಬಿಐ ಅಂಗಸಂಸ್ಥೆ ಡಿಐಸಿಜಿಸಿಯಲ್ಲಿ ನೋಂದಾಯಿತ ಬ್ಯಾಂಕುಗಳಲ್ಲಿ ಇದೆ. ಅಸಲು, ಬಡ್ಡಿ ಎರಡೂ ಸೇರಿ ₹5 ಲಕ್ಷ. ಒಂದೇ ಬ್ಯಾಂಕಿನ ಮೂರು ಶಾಖೆಗಳಲ್ಲಿ ನಿಮ್ಮೊಬ್ಬರ ಹೆಸರಿನಲ್ಲೇ ಇಟ್ಟರೆ ಮೂರನ್ನೂ ಕೂಡಿಸಿಯೇ ಲೆಕ್ಕ. ಪತ್ತಿನ ಸಹಕಾರ ಸಂಘದ ಠೇವಣಿಗೆ ಈ ವಿಮೆ ಇಲ್ಲ, ಫಲಕದ ಮೇಲೆ ಏನೇ ಬರೆದಿರಲಿ.