ಇಲಿ ಮೈಯೊಳಗಿನ ಬೆಳಕು ಎಷ್ಟು ಆಳದಲ್ಲಿದೆ ಅಂತ ಹೇಗೆ ಹೇಳೋದು?

ಪ್ರಶ್ನೆ: ಸರ್, ಎಂಎಸ್ಸಿ ಬಯೋಟೆಕ್ ಓದ್ತಿದೀನಿ. ಬಯೋಲ್ಯೂಮಿನೆಸೆನ್ಸ್ ಇಮೇಜಿಂಗ್ (ಮೈಯೊಳಗಿನ ಕೋಶಗಳೇ ಹೊಮ್ಮಿಸೋ ಬೆಳಕನ್ನ ಕ್ಯಾಮೆರಾದಲ್ಲಿ ಹಿಡಿಯೋದು) ಫೋಟೋಗಳಲ್ಲಿ ಇಲಿ ಹೊಟ್ಟೆ ಮೇಲೆ ಕೆಂಪು, ನೀಲಿ ಮಚ್ಚೆ ಇರುತ್ತಲ್ಲ, ಗೆಡ್ಡೆ ಸರಿಯಾಗಿ ಅದರ ಕೆಳಗೇ ಇರುತ್ತಾ? ಆಳ ಹೇಗೆ ಗೊತ್ತಾಗುತ್ತೆ?

ಉತ್ತರ: ಎಡಕ್ಕಾ ಬಲಕ್ಕಾ ಅನ್ನೋದು ಸುಮಾರಾಗಿ ಗೊತ್ತಾಗುತ್ತೆ, ಆಳ ಮಾತ್ರ ಆ ಒಂದು ಫೋಟೋದಿಂದ ಗೊತ್ತಾಗಲ್ಲ. ಅಂದಹಾಗೆ ಆ ಕೆಂಪು ನೀಲಿ ಕಂಪ್ಯೂಟರ್ ಬಳಿದಿರೋ ಬಣ್ಣ, ನಿಜವಾದ ಬೆಳಕು ಎಷ್ಟು ಮಂದ ಅಂದ್ರೆ ಇಲಿಗೆ ಅರಿವಳಿಕೆ ಕೊಟ್ಟು ಪೂರ್ತಿ ಕತ್ತಲೆ ಡಬ್ಬದಲ್ಲಿ ಮಲಗಿಸಿ, ಮೈನಸ್ 90 ಡಿಗ್ರಿ ಹತ್ತಿರಕ್ಕೆ ತಣ್ಣಗೆ ಮಾಡಿರೋ ಸಿಸಿಡಿ ಕ್ಯಾಮೆರಾದಲ್ಲಿ ಕೆಲವು ಸಲ ನಿಮಿಷಗಟ್ಟಲೆ ಎಕ್ಸ್‌ಪೋಷರ್ ಕೊಡಬೇಕು.

ಕತ್ತಲಲ್ಲಿ ಮೊಬೈಲ್ ಟಾರ್ಚ್ ಮೇಲೆ ಬೆರಳಿಟ್ಟು ನೋಡಿ. ಬೆರಳೆಲ್ಲ ಕೆಂಪಗೆ ಹೊಳೆಯುತ್ತೆ, ಒಳಗಿನ ಮೂಳೆ ಕಾಣಲ್ಲ. ನಿಮ್ಮ ಪ್ರಶ್ನೆಗೆ ಉತ್ತರ ಅಲ್ಲೇ ಇದೆ. ಮಾಂಸದೊಳಗೆ ಬೆಳಕು ನೇರವಾಗಿ ಬರಲ್ಲ, ಚದುರಿ ಚದುರಿ ಬರುತ್ತೆ, ಹಾಗಾಗಿ ಆಳದಲ್ಲಿರೋ ಸಣ್ಣ ಚುಕ್ಕೆನೂ ಚರ್ಮದ ಮೇಲೆ ಅಗಲವಾದ ಮಚ್ಚೆ ಆಗಿಬಿಡುತ್ತೆ. ಆಳದಲ್ಲಿರೋ ಜೋರು ಬೆಳಕು, ಚರ್ಮದ ಕೆಳಗೇ ಹರಡಿರೋ ಮಂದ ಬೆಳಕು ಎರಡೂ ಒಂದೇ ಥರ ಕಾಣಬಹುದು.

ಇನ್ನು ಬೆರಳಲ್ಲಿ ಕಂಡ ಆ ಕೆಂಪು ಯಾಕೆ? ರಕ್ತದ ಹಿಮೋಗ್ಲೋಬಿನ್ 600 ನ್ಯಾನೋಮೀಟರ್‌ಗಿಂತ ಕೆಳಗಿನ ತರಂಗಾಂತರದ ಹಸಿರು, ಹಳದಿ ಬೆಳಕನ್ನ ನುಂಗಿಹಾಕುತ್ತೆ, ಕೆಂಪನ್ನ ಅಷ್ಟಾಗಿ ಮುಟ್ಟಲ್ಲ. ಮಿಂಚುಹುಳದ ಲೂಸಿಫರೇಸ್ (ಗೆಡ್ಡೆಯ ಕೋಶಗಳು ಹೊಳೆಯೋ ಹಾಗೆ ಮಾಡೋ ಕಿಣ್ವ) ಇಲಿಯ ಮೈಬಿಸಿಯಲ್ಲಿ ಸುಮಾರು 610ರ ಆಸುಪಾಸಲ್ಲಿ ಜಾಸ್ತಿ ಹೊಳೆದ್ರೂ ಅದರ ಬೆಳಕು ಎರಡೂ ಕಡೆ ಹರಡಿರುತ್ತೆ. ಸೋ 560ರಿಂದ 660ರವರೆಗೆ ಬೇರೆಬೇರೆ ಫಿಲ್ಟರ್ ಹಾಕಿ ಫೋಟೋ ತೆಗೆದು ಹೋಲಿಸಿದ್ರೆ, ಹಳದಿ ಭಾಗ ಎಷ್ಟು ಕಮ್ಮಿಯಾಗಿದೆಯೋ ಮೂಲ ಅಷ್ಟು ಆಳದಲ್ಲಿದೆ ಅಂತ ಲೆಕ್ಕ. ಆಮೇಲೆ ಸಿಟಿ ಸ್ಕ್ಯಾನ್‌ನಿಂದ ಇಲಿಯ ಆಕಾರ ತಗೊಂಡು, ಚರ್ಮದ ಮೇಲಿನ ಬೆಳಕಿಂದ ಹಿಂದಕ್ಕೆ ಲೆಕ್ಕ ಹಾಕಿ 3ಡಿಯಲ್ಲಿ ಜಾಗ ಹುಡುಕ್ತಾರೆ. ಆದ್ರೆ ಹೀಗೆ ಹಿಂದಕ್ಕೆ ಹಾಕೋ ಲೆಕ್ಕಕ್ಕೆ ಒಂದೇ ಉತ್ತರ ಅಂತಿಲ್ಲ, ಸಾಫ್ಟ್‌ವೇರ್ ಕೊಡೋ ಚಂದದ 3ಡಿ ಚಿತ್ರನ ನಾನಂತೂ ಕಣ್ಣುಮುಚ್ಚಿ ನಂಬಲ್ಲ.

ಇನ್ನೊಂದು, ಲೂಸಿಫರೇಸ್‌ಗೆ ಆಕ್ಸಿಜನ್, ಎಟಿಪಿ (ಕೋಶಕ್ಕೆ ಶಕ್ತಿ ಕೊಡೋ ಅಣು) ಎರಡೂ ಬೇಕು. ದೊಡ್ಡ ಗೆಡ್ಡೆಯ ನಡುಭಾಗ ಸತ್ತಿದ್ರೆ ಅಲ್ಲಿ ಬೆಳಕೇ ಇರಲ್ಲ, ನೀವು ಗೆಡ್ಡೆ ಚಿಕ್ಕದು ಅಂದ್ಕೋತೀರ. ಅನುಮಾನ ಬಂದ್ರೆ ಪ್ರಯೋಗದ ಕೊನೆಗೆ ಅಂಗಾಂಗ ಹೊರಗೆ ತೆಗೆದು, ತಡ ಮಾಡದೆ ಅದನ್ನೇ ಕ್ಯಾಮೆರಾ ಕೆಳಗಿಟ್ಟು ನೋಡಿ.