ಭಾನುವಾರದ ಪೂಜೆ ಮುಗಿದ ಮೇಲೆ ಉಳಿದ ಆರು ದಿನ ಕಥೋಲಿಕರಾಗಿ ಬಾಳುವುದು ಹೇಗೆ?

ಭಾನುವಾರ ಬಲಿಪೂಜೆಗೆ ತಪ್ಪದೆ ಹೋಗುತ್ತೀರಿ, ಆದರೆ ಆಫೀಸು, ಮನೆ, ಮಕ್ಕಳ ನಡುವೆ ಸೇವೆಗೆ ಅಂತ ಸಮಯವೇ ಸಿಗುವುದಿಲ್ಲ ಎಂದಿದ್ದೀರಿ. ಜೊತೆಗೆ, ದೀನತೆ ಅಂದರೆ ಯಾರು ಏನು ಹೇಳಿದರೂ ತಲೆ ತಗ್ಗಿಸಿ ಸುಮ್ಮನಿರುವುದಾ ಅಂತಲೂ ಕೇಳಿದ್ದೀರಿ. ಮೊದಲ ಪ್ರಶ್ನೆಗೆ ನನ್ನ ಉತ್ತರ ಸ್ವಲ್ಪ ಕಹಿ. ಸೇವೆಗೆ ಬೇರೆ ಸಮಯ ಹುಡುಕಬೇಡಿ. ದಿನಾ ಎದುರಾಗುವ ಜನರಲ್ಲಿ ಯಾರನ್ನು ಕಂಡರೆ ನಿಮಗೆ ಆಗುವುದಿಲ್ಲವೋ ಅವರಿಂದಲೇ ಶುರು ಮಾಡಿ.

ಇದು ನನ್ನ ಸ್ವಂತ ಐಡಿಯಾ ಅಲ್ಲ. ಫ್ರಾನ್ಸಿನ ಲಿಸ್ಯೂ ಊರಿನ ಸಂತ ತೆರೇಸಾ, ನಾವೆಲ್ಲ ಲಿಟಲ್ ಫ್ಲವರ್ ಅಂತ ಕರೆಯುವವರು, ಮಾಡಿದ್ದು ಇಷ್ಟೇ. 15ನೇ ವಯಸ್ಸಿಗೆ ಕಾರ್ಮೆಲ್ ಎಂಬ ಸನ್ಯಾಸಿನಿಯರ ಮಠ ಸೇರಿದರು. 1897ರಲ್ಲಿ, 24ನೇ ವಯಸ್ಸಿಗೆ, ಕ್ಷಯದಿಂದ ತೀರಿಕೊಂಡರು. ಆ ಮಠದಲ್ಲಿ ಅವರಿಗೆ ಒಬ್ಬ ಸಿಸ್ಟರ್ ಕಂಡರೆ ಆಗುತ್ತಿರಲಿಲ್ಲ. ಅವರ ಮಾತು, ನಡತೆ, ಸ್ವಭಾವ ಯಾವುದೂ ಹಿಡಿಸುತ್ತಿರಲಿಲ್ಲ. ತೆರೇಸಾ ಏನು ಮಾಡಿದರು ಗೊತ್ತಾ? ತುಂಬಾ ಇಷ್ಟದವರ ಜೊತೆ ಹೇಗೆ ನಡೆದುಕೊಳ್ಳುತ್ತೇವೋ ಹಾಗೆ ಅವರ ಜೊತೆ ನಡೆದುಕೊಂಡರು. ಕೊನೆಗೆ ಆ ಸಿಸ್ಟರೇ ಬಂದು, ನನ್ನಲ್ಲಿ ಅಂಥದ್ದೇನು ಕಂಡು ನೀವು ಹೀಗೆ ನಗುತ್ತೀರಿ ಅಂತ ಕೇಳಿದರಂತೆ!

ಇನ್ನೊಂದು ಸಲ ಬಟ್ಟೆ ಒಗೆಯುವಾಗ ಎದುರಿಗಿದ್ದವರು ಕೊಳೆನೀರನ್ನು ಇವರ ಮುಖಕ್ಕೆ ಹಾರಿಸುತ್ತಲೇ ಇದ್ದರು. ಹಿಂದೆ ಸರಿದು, ಅವರಿಗೆ ಕಾಣುವಂತೆ ಮುಖ ಒರೆಸಿಕೊಳ್ಳಬೇಕು ಅನ್ನಿಸಿತು. ಒರೆಸಿಕೊಳ್ಳಲಿಲ್ಲ. ನಾವು ದಿನಕ್ಕೆ ಎಷ್ಟು ಸಲ ಹೀಗೆ "ಕಾಣುವಂತೆ ಮುಖ ಒರೆಸಿಕೊಳ್ಳುತ್ತೇವೆ" ಅಂತ ಯೋಚಿಸಿ. ಬೈಯುವುದಿಲ್ಲ, ಆದರೆ ಒಂದು ನಿಟ್ಟುಸಿರು ಬಿಡುತ್ತೇವೆ. ಪಾತ್ರೆಯನ್ನು ಸ್ವಲ್ಪ ಜೋರಾಗಿ ಕುಕ್ಕುತ್ತೇವೆ. ಮೆಸೇಜ್ ನೋಡಿಯೂ ಬೇಕಂತಲೇ ತಡವಾಗಿ ಉತ್ತರಿಸುತ್ತೇವೆ. ಗುರುಗಳ ಮುಂದೆ ತಪ್ಪು ಒಪ್ಪಿಕೊಳ್ಳುವ ಪಾಪನಿವೇದನೆಯಲ್ಲಿ ಇವೆಲ್ಲ ನೆನಪಿಗೇ ಬರುವುದಿಲ್ಲ, ಅಲ್ವಾ?

ಆದರೆ ತೆರೇಸಾ ಏನೂ ಕಲ್ಲಿನ ಮನುಷ್ಯರಲ್ಲ. ತಿರುಗಿ ಉತ್ತರ ಕೊಡಬೇಕೆಂಬ ಆಸೆ ತಡೆಯಲಾಗದಷ್ಟು ಬಂದಾಗ ಅಲ್ಲಿಂದ ಓಡಿಹೋಗುತ್ತಿದ್ದೆ ಅಂತ ಅವರೇ ಹೇಳಿಕೊಂಡಿದ್ದಾರೆ. ನನಗಂತೂ ಈ ಭಾಗವೇ ಜಾಸ್ತಿ ಉಪಯೋಗಕ್ಕೆ ಬಂದಿದೆ. ಕೋಪ ಬಂದಾಗ ಎದ್ದು ಆಚೆ ಹೋಗುವುದೂ ಪ್ರೀತಿಯೇ. ಹೀಗೆ ಮಠದ ಗೋಡೆಯ ಒಳಗೇ ಬಾಳಿದವರನ್ನು 1925ರಲ್ಲಿ ಸಂತರೆಂದು ಸಾರಿದರು, 1927ರಲ್ಲಿ ಧರ್ಮಪ್ರಚಾರ ಕಾರ್ಯದ ಪಾಲಕಿ ಅಂತಲೂ ಘೋಷಿಸಿದರು. ಸಮಯವಿಲ್ಲ, ಎಲ್ಲಿಗೂ ಹೋಗಲಾಗುವುದಿಲ್ಲ ಅನ್ನುವವರು ಇದನ್ನು ನೆನಪಿಡಬೇಕು.

ಧರ್ಮಸಭೆ, ಅಂದರೆ ಚರ್ಚ್, ಕಲಿಸುವ ಕರುಣೆಯ ಕಾರ್ಯಗಳು 14. ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು ಇತ್ಯಾದಿ ದೇಹಕ್ಕೆ ಸೇರಿದ 7 ಎಲ್ಲರಿಗೂ ಗೊತ್ತು. ಆತ್ಮಕ್ಕೆ ಸೇರಿದ ಇನ್ನು 7ನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ನೊಂದವರಿಗೆ ಸಮಾಧಾನ ಹೇಳುವುದು, ತಪ್ಪು ಮಾಡಿದವರನ್ನು ಕ್ಷಮಿಸುವುದು, ಕಾಟ ಕೊಡುವವರನ್ನು ತಾಳ್ಮೆಯಿಂದ ಸಹಿಸುವುದು ಎಲ್ಲ ಆ ಪಟ್ಟಿಯಲ್ಲೇ ಇವೆ. ಇವಕ್ಕೆ ದುಡ್ಡೂ ಬೇಡ, ರಜೆಯೂ ಬೇಡ.

ಇನ್ನು ದೀನತೆಯ ಪ್ರಶ್ನೆ. ಇಲ್ಲಿ ಬಹಳ ಜನ ಎಡವುತ್ತಾರೆ. ಸಾಯುವ ಹಿಂದಿನ ರಾತ್ರಿ ಯೇಸು ಶಿಷ್ಯರ ಕಾಲು ತೊಳೆದದ್ದು ಎಲ್ಲರಿಗೂ ನೆನಪಿದೆ. ಅದೇ ಯೊವಾನ್ನರ ಶುಭಸಂದೇಶದಲ್ಲಿ, ಅದೇ ರಾತ್ರಿ, ವಿಚಾರಣೆಯಲ್ಲಿ ಒಬ್ಬ ಕಾವಲುಗಾರ ಕೆನ್ನೆಗೆ ಹೊಡೆಯುತ್ತಾನೆ. ಯೇಸು ಸುಮ್ಮನಿರುವುದಿಲ್ಲ. ನಾನು ತಪ್ಪು ಮಾತಾಡಿದ್ದರೆ ತೋರಿಸು, ಸರಿಯಾಗಿದ್ದರೆ ಏಕೆ ಹೊಡೆದೆ ಅಂತ ಕೇಳುತ್ತಾರೆ. ಬೈಗುಳವಿಲ್ಲ, ತಿರುಗೇಟಿಲ್ಲ, ಆದರೆ ಪ್ರಶ್ನೆ ಇದೆ. ಹಾಗಾಗಿ ಸಹೋದ್ಯೋಗಿ ತನ್ನ ಕೆಲಸವನ್ನೆಲ್ಲ ನಿಮ್ಮ ಮೇಲೆ ಹೇರುತ್ತಿದ್ದರೆ ನೇರವಾಗಿ ಹೇಳಿ. ಹೇಳದೆ ಒಳಗೊಳಗೇ ಕುದಿದು, ಮೂರನೆಯವರ ಹತ್ತಿರ ದೂರುವುದಕ್ಕೆ ದೀನತೆ ಅನ್ನಲಾಗದು. ಯಾರಾದರೂ ಹಿಂಸೆ ಕೊಡುತ್ತಿದ್ದರೆ ಅದನ್ನು ಸಹಿಸಿಕೊಂಡಿರಿ ಅಂತಲೂ ಧರ್ಮ ಹೇಳುವುದಿಲ್ಲ. ಸಹಾಯ ಕೇಳಿ, ಅಲ್ಲಿಂದ ಹೊರಗೆ ಬನ್ನಿ. ಅಂದಹಾಗೆ, ಕಾಲು ತೊಳೆಸಿಕೊಳ್ಳಲು ಶಿಷ್ಯ ಪೇತ್ರ ಮೊದಲು ಒಪ್ಪಲೇ ಇಲ್ಲ. ಬೇರೆಯವರಿಂದ ಸಹಾಯ ತೆಗೆದುಕೊಳ್ಳುವುದು ಕೊಡುವುದಕ್ಕಿಂತ ಕಷ್ಟ. ನಿಮಗೆ ಹುಷಾರಿಲ್ಲದಾಗ ಯಾರಾದರೂ ಕೈಜೋಡಿಸಲು ಬಂದರೆ ಬೇಡ ಅನ್ನಬೇಡಿ.

ಸೇವೆಗೆ ಬರೋಣ. 1833ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಡರಿಕ್ ಓಜಾನಾಂ ಎಂಬ 20 ವರ್ಷದ ವಿದ್ಯಾರ್ಥಿ ಮತ್ತು ಗೆಳೆಯರು ಬಡವರ ಮನೆಗಳಿಗೆ ಹೋಗಲು ಶುರು ಮಾಡಿದರು. ಚರ್ಚೆಯೊಂದರಲ್ಲಿ ಎದುರಾಳಿ, ನಿಮ್ಮ ಧರ್ಮಸಭೆ ಈಗ ಬಡವರಿಗೆ ಏನು ಮಾಡುತ್ತಿದೆ ಅಂತ ಚುಚ್ಚಿದ್ದೇ ಅದಕ್ಕೆ ಕಾರಣ. ಅದರಿಂದ ಸಂತ ವಿನ್ಸೆಂಟ್ ದೆ ಪೌಲ್ ಸೊಸೈಟಿ ಹುಟ್ಟಿತು. ನಾನೂ ಅದರ ಒಂದು ಶಾಖೆಯಲ್ಲಿದ್ದೇನೆ. ನಾವು ಇಬ್ಬಿಬ್ಬರಾಗಿ ಹೋಗುತ್ತೇವೆ. ಬಾಗಿಲಲ್ಲೇ ಚೀಲ ಕೊಟ್ಟು ಬರುವುದಿಲ್ಲ, ಒಳಗೆ ಕೂತು ಮಾತಾಡುತ್ತೇವೆ. ಅಲ್ಲಿ ಕಂಡದ್ದನ್ನು, ಕೇಳಿದ್ದನ್ನು ಹೊರಗೆ ಹೇಳುವುದಿಲ್ಲ. ಫೋಟೊ ತೆಗೆಯುವುದು ನನಗೆ ಸ್ವಲ್ಪವೂ ಇಷ್ಟವಿಲ್ಲ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂದ ಮೇಲೆ ಫೇಸ್‌ಬುಕ್‌ಗೆ ಯಾಕೆ ಗೊತ್ತಾಗಬೇಕು?

ಮಕ್ಕಳು ಚಿಕ್ಕವರಾಗಿದ್ದರೆ ಇದನ್ನೆಲ್ಲ ಈಗಲೇ ತಲೆ ಮೇಲೆ ಹಾಕಿಕೊಳ್ಳಬೇಡಿ. ಪಾವಿತ್ರ್ಯದ ಕರೆ ಎಲ್ಲರಿಗೂ ಇದೆ, ಅವರವರ ಬದುಕಿನ ಸ್ಥಿತಿಯಲ್ಲೇ ಇದೆ ಅಂತ ಜಗತ್ತಿನ ಕಥೋಲಿಕ ಧರ್ಮಾಧ್ಯಕ್ಷರು ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲೇ ಹೇಳಿದೆ. ರಾತ್ರಿ ಎದ್ದು ಮಗುವನ್ನು ಎತ್ತಿಕೊಳ್ಳುವ ತಾಯಿಯಾಗಲಿ ತಂದೆಯಾಗಲಿ ಸೇವೆಯಲ್ಲೇ ಇದ್ದಾರೆ. ರಾತ್ರಿ ಮಲಗುವ ಮುಂಚೆ ಮಾತ್ರ ಒಂದೆರಡು ನಿಮಿಷ ದಿನವನ್ನು ತಿರುಗಿ ನೋಡಿ. ಇವತ್ತು ಯಾರಿಗೆ ನನ್ನ ಸಹಾಯ ಬೇಕಿತ್ತು, ಯಾರನ್ನು ನೋಡಿಯೂ ನೋಡದಂತೆ ದಾಟಿಬಂದೆ ಅಂತ ಕೇಳಿಕೊಳ್ಳಿ. ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದ ಅಂತಿಮ ತೀರ್ಪಿನಲ್ಲಿ ಎಡಗಡೆ ನಿಂತ ಶಿಕ್ಷಿತರ ಮೇಲಿನ ದೂರು ಕೆಟ್ಟದ್ದು ಮಾಡಿದರು ಅಂತಲ್ಲ, ಏನೂ ಮಾಡಲಿಲ್ಲ ಅಂತ.

ಮುಂದೆ ತಿಂಗಳಿಗೆ ಒಂದು ಗಂಟೆ ಬಿಡುವು ಸಿಕ್ಕಿದರೆ ನಿಮ್ಮ ಧರ್ಮಕೇಂದ್ರದ ಗುರುಗಳನ್ನು ಕೇಳಿ. ಪೂಜೆಗೆ ಬರಲಾಗದ ವಯಸ್ಸಾದವರು ಯಾರಿದ್ದಾರೆ ಅಂತ ಅವರಿಗೆ ಗೊತ್ತಿರುತ್ತದೆ. ಹೋಗುವ ಮುಂಚೆ ಫೋನ್ ಮಾಡಿ ಕೇಳಿಕೊಂಡು ಹೋಗಿ. ಮಧ್ಯಾಹ್ನ ಮಲಗುವವರೇ ಜಾಸ್ತಿ.