ಬೆಲ್ ಹೊಡೆಯದ ದಿನಕ್ಕೆ ಲೆಕ್ಕ ಹೇಗೆ?

ಪ್ರಶ್ನೆ: ಮೇಡಂ, ಆರು ವರ್ಷ ಪದವಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದೆ. ಪಾಠದ ನಡುವೆಯೇ ಪಿಎಚ್‌ಡಿ ಮುಗಿಸಿದೆ. ಈಗ ಎರಡು ವರ್ಷದ ಫೆಲೋಶಿಪ್ ಸಿಕ್ಕಿದೆ. ಶಿವಮೊಗ್ಗ ಸೀಮೆಯ ಶಾಸನಗಳಲ್ಲಿ ಬರುವ ಕೆರೆಗಳ ಬಗ್ಗೆ ಕೆಲಸ. ಪಾಠ ಇಲ್ಲ, ಪೇಪರ್ ತಿದ್ದುವುದಿಲ್ಲ, ಇಡೀ ದಿನ ನನ್ನದೇ. ಆದರೂ ಐದು ತಿಂಗಳಲ್ಲಿ ಒಂದು ಪುಟ ಬರೆದಿಲ್ಲ. ಪಿಡಿಎಫ್ ತೆರೆಯುತ್ತೇನೆ, ಫೋನ್ ನೋಡುತ್ತೇನೆ, ಸಂಜೆಯಾಗುತ್ತದೆ. ಮನೆಯಲ್ಲಿ ‘ಇವತ್ತು ಏನಾಯ್ತು?’ ಅಂದರೆ ರೇಗುತ್ತದೆ. ಏನು ಮಾಡಲಿ?
– ಹೆಸರು ಬೇಡ, ಶಿವಮೊಗ್ಗ

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ತಟ್ಟಿದ್ದು ಮನೆಯವರ ಆ ಪ್ರಶ್ನೆ. ಕಾಲೇಜಿನಲ್ಲಿದ್ದಾಗ ಅದಕ್ಕೆ ಉತ್ತರ ಇತ್ತು, ಅಲ್ವಾ? ಮೂರು ಕ್ಲಾಸ್ ಆಯ್ತು, ಒಂದು ಕಟ್ಟು ಪೇಪರ್ ಆಯ್ತು. ಹತ್ತು ಗಂಟೆಗೆ ಬೆಲ್ ಹೊಡೆದರೆ ಮಕ್ಕಳು ಕಾಯುತ್ತಿದ್ದರು, ತಲೆ ಓಡಲಿ ಬಿಡಲಿ ನೀವು ಎದ್ದು ಹೋಗಿ ಮಾತಾಡಲೇಬೇಕಿತ್ತು. ಈಗ ಯಾರೂ ಕಾಯುತ್ತಿಲ್ಲ. ‘ಕೆರೆಗಳ ಬಗ್ಗೆ ಕೆಲಸ’ ಅಂದರೆ ಒಂದು ದಿನದಲ್ಲಿ ಮುಗಿಯುವ ಕೆಲಸವೇ ಅಲ್ಲ, ಹಾಗಾಗಿ ಯಾವ ದಿನವೂ ಮುಗಿದ ಹಾಗೆ ಅನ್ನಿಸುವುದಿಲ್ಲ.

ಎಣಿಸಲು ಆಗುವ ಒಂದು ತುಂಡು ಮಾಡಿಕೊಳ್ಳಿ. ನಿಮ್ಮ ವಿಷಯದಲ್ಲಿ ಆ ತುಂಡು ಸಿದ್ಧವಾಗಿಯೇ ಇದೆ. ಬಿ.ಎಲ್. ರೈಸ್ ಅವರ ಶಾಸನ ಸಂಗ್ರಹ ಎಪಿಗ್ರಾಫಿಯಾ ಕರ್ನಾಟಿಕಾದ ಏಳು ಮತ್ತು ಎಂಟನೇ ಸಂಪುಟ ನಿಮ್ಮ ಸೀಮೆಯವು. ಏಳರಲ್ಲಿ ಶಿವಮೊಗ್ಗ, ಶಿಕಾರಿಪುರ, ಹೊನ್ನಾಳಿ, ಚನ್ನಗಿರಿ (ಕೊನೆಯ ಎರಡೂ ಆಗ ಶಿವಮೊಗ್ಗ ಜಿಲ್ಲೆಗೇ ಸೇರಿದ್ದವು), ಎಂಟರಲ್ಲಿ ಸೊರಬ, ಸಾಗರ, ನಗರ (ಈಗಿನ ಹೊಸನಗರ), ತೀರ್ಥಹಳ್ಳಿ. ಪ್ರತಿ ತಾಲ್ಲೂಕಿನ ಶಾಸನಗಳಿಗೂ ಬೇರೆ ಬೇರೆಯಾಗಿ 1ರಿಂದ ನಂಬರ್ ಕೊಟ್ಟಿದ್ದಾರೆ. ದಿನಕ್ಕೆ ಹತ್ತು ನಂಬರ್ ಓದಿ. ಪ್ರತಿಯೊಂದರಲ್ಲೂ ಕೆರೆ ಇದೆಯಾ, ಕಟ್ಟಿಸಿದವರು ಯಾರು, ತೂಬಿನ ಮಾತು ಬರುತ್ತದೆಯಾ, ಕೆರೆಯ ರಿಪೇರಿಗೆ ಬಿತ್ತುವಟ್ಟ (ಕೆರೆಗಾಗಿ ಕೊಟ್ಟ ದತ್ತಿ ಭೂಮಿ) ಬಿಟ್ಟಿದ್ದಾರಾ, ಇಷ್ಟನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ. ಹತ್ತರಲ್ಲಿ ಎಂಟರಲ್ಲಿ ಕೆರೆಯೇ ಸಿಗದಿದ್ದರೂ ಆ ದಿನದ ಕೆಲಸ ಆಯ್ತು. ಆಮೇಲೆ ಅವತ್ತೇ ಐದು ಸಾಲು ಬರೆಯಿರಿ, ವಾಕ್ಯ ಚೆನ್ನಾಗಿಲ್ಲದಿದ್ದರೂ ಸರಿ.

ಈ ಐದು ಸಾಲಿನ ಮೇಲೆ ನಾನು ಜಾಸ್ತಿ ಒತ್ತು ಕೊಡುತ್ತೇನೆ. ನನಗೆ ಮೊದಲ ಸಲ ಬರೀ ಸಂಶೋಧನೆಯ ಕೆಲಸ ಸಿಕ್ಕಾಗ ಎಂಟು ತಿಂಗಳು ಜೆರಾಕ್ಸ್ ಮಾಡಿಸಿ ಮಾಡಿಸಿ ಬೀರು ತುಂಬಿಸಿದೆ. ಇನ್ನೊಂದು ಲೇಖನ ಓದಿದ ಮೇಲೆ ಬರೆಯೋಣ, ಅದು ಸಿಕ್ಕ ಮೇಲೆ ಇನ್ನೊಂದು. ಓದುವುದು ಕೆಲಸದ ಹಾಗೇ ಕಾಣುತ್ತದೆ, ಹಾಗಾಗಿ ಬರೆಯುವ ಭಯವನ್ನು ಅದರ ಹಿಂದೆ ಬಚ್ಚಿಡುವುದು ಸುಲಭ. ಬರೆಯಲು ಕೂತ ಮೇಲೇ ಯಾವ ಪುಸ್ತಕ ಬೇಕು, ಯಾವುದು ಬೇಡ ಅಂತ ನನಗೆ ಗೊತ್ತಾಗಿದ್ದು.

ಫೋನ್ ಬೇರೆ ಕೋಣೆಯಲ್ಲಿಡಿ. ಅದಕ್ಕಿಂತ ಹೆಚ್ಚು ಹೇಳುವುದಿಲ್ಲ, ನಿಮಗೂ ಗೊತ್ತು.

ಮತ್ತೆ, ಮಲೆನಾಡಿನಲ್ಲಿದ್ದೀರಿ, ವರ್ಷವನ್ನು ಮಳೆ ನೋಡಿಯೇ ಹಂಚಿಕೊಳ್ಳಿ. ಮಳೆಗಾಲದಲ್ಲಿ ಕಲ್ಲಿಗೆ ಪಾಚಿ, ಏರಿಯ ಮೇಲೆ ಆಳೆತ್ತರದ ಹುಲ್ಲು, ಶಾಸನದ ಮೇಲೆ ಒದ್ದೆ ಕಾಗದ ಒತ್ತಿ ಪಡಿಯಚ್ಚು ತೆಗೆಯೋಣವೆಂದರೆ ಕಾಗದವೇ ಒಣಗುವುದಿಲ್ಲ. ಆ ನಾಲ್ಕು ತಿಂಗಳು ಮನೆಯಲ್ಲಿ ಕೂತು ಬರೆಯಿರಿ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಊರೂರು ತಿರುಗಿ. ವಾರಗಟ್ಟಲೆ ಒಬ್ಬರೇ ಕೂತವರಿಗೆ ಕೆರೆ ಏರಿಯ ಮೇಲೆ ಊರಿನ ಹಿರಿಯರ ಜೊತೆ ಒಂದು ಗಂಟೆ ಮಾತಾಡಿದರೆ ಎಷ್ಟು ಜೀವ ಬರುತ್ತದೆ ಅಂತ ಹೋದವರಿಗೇ ಗೊತ್ತು.

ಇನ್ನು, ನಿಮಗಾಗಿ ಕಾಯುವ ಒಬ್ಬರನ್ನಾದರೂ ಹುಡುಕಿಕೊಳ್ಳಿ. ಕರ್ನಾಟಕ ಇತಿಹಾಸ ಅಕಾಡೆಮಿಯ ವಾರ್ಷಿಕ ಸಮ್ಮೇಳನಕ್ಕೆ ಒಂದು ಪ್ರಬಂಧ ಓದುತ್ತೇನೆ ಅಂತ ಒಪ್ಪಿಕೊಳ್ಳಿ. ಒಂದೇ ತಾಲ್ಲೂಕಿನ ಕೆರೆಗಳ ಮೇಲಾದರೂ ಸಾಕು. ಹಳೆಯ ಸಹೋದ್ಯೋಗಿಯೊಬ್ಬರಿಗೆ ಪ್ರತಿ ಶನಿವಾರ ಎರಡು ಪುಟ ಕಳಿಸುವ ಮಾತು ಕೊಡಿ. ಮುಂದಿನ ಕೆಲಸಕ್ಕೆ ಅರ್ಜಿ ಹಾಕುವ ಚಿಂತೆ ದಿನಾ ತಲೆ ತಿನ್ನುತ್ತಿದ್ದರೆ ಅದಕ್ಕೆ ಶನಿವಾರದ ಮಧ್ಯಾಹ್ನ ಮೀಸಲಿಡಿ, ಉಳಿದ ದಿನ ಆ ಫೈಲ್ ತೆರೆಯಬೇಡಿ.

ನಾಳೆ ಸೊರಬ 1ರಿಂದ 10. ಸಂಜೆ ಮನೆಯವರು ಕೇಳುವ ಮೊದಲೇ ನೀವೇ ಹೇಳಿ, ಇವತ್ತು ಎಷ್ಟು ಕೆರೆ ಸಿಕ್ಕವು ಅಂತ.